ಟೆಲ್‌ನೆಟ್ ಮುಚ್ಚುವ ಮೊದಲು: ಮಲೆನಾಡಿನ ಒಂದು ಶಾಖೆಯ ರೂಟರ್ ಪ್ರಕರಣ

ಶಿವಮೊಗ್ಗದಲ್ಲಿ ಮುಖ್ಯ ಕಚೇರಿ ಇರುವ ಒಂದು ಪತ್ತಿನ ಸಹಕಾರ ಸಂಘ. ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಗೆಲ್ಲ ಶಾಖೆಗಳಿವೆ. ಬಹುತೇಕ ಶಾಖೆಗಳಲ್ಲಿ ಒಂದು ಸಿಸ್ಕೊ 1941 ರೂಟರ್, ಫೈಬರ್ ಬ್ರಾಡ್‌ಬ್ಯಾಂಡ್, ಸ್ಥಿರ ಪಬ್ಲಿಕ್ ಐಪಿ ವಿಳಾಸ. ಅಲ್ಲಿಂದ ಮುಖ್ಯ ಕಚೇರಿಗೆ ಐಪಿಸೆಕ್ ಟನಲ್, ಅಂದರೆ ಇಂಟರ್ನೆಟ್ ಮೇಲೆಯೇ ಗೂಢಲಿಪಿಯಲ್ಲಿ ಹೋಗುವ ಖಾಸಗಿ ದಾರಿ. ಠೇವಣಿ, ಸಾಲ, ಪಿಗ್ಮಿ ಲೆಕ್ಕ ಎಲ್ಲ ಆ ಟನಲ್ ಒಳಗೇ ಓಡಾಡುತ್ತದೆ. ಸಂಘದ ಹೆಸರು ಇಲ್ಲಿ ಬೇಕಿಲ್ಲ. ಐಪಿ ವಿಳಾಸಗಳನ್ನೂ ಬದಲಾಯಿಸಿ ಬರೆದಿದ್ದೇನೆ.

ಸಂಘದವರು ನಮಗೆ ಹೇಳಿದ ದೂರು ವಿಚಿತ್ರವಾಗಿತ್ತು. ಹೊಸನಗರದ ಕಡೆಯ ಒಂದು ಶಾಖೆಯಲ್ಲಿ ಕೌಂಟರ್ ಕೆಲಸ ಸರಿಯಾಗಿ ನಡೆಯುತ್ತಿದೆ, ಇಂಟರ್ನೆಟ್ ಇದೆ, ಟನಲ್ ಕೂಡ ಇದೆ. ಆದರೆ ಶಿವಮೊಗ್ಗದಿಂದ ಆ ರೂಟರಿಗೆ ಟೆಲ್‌ನೆಟ್ (ದೂರದಿಂದಲೇ ಒಳಗೆ ಹೋಗಿ ಕಮಾಂಡ್ ಕೊಡುವ ಹಳೆಯ ದಾರಿ) ಮಾಡಿದರೆ ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬರುತ್ತದೆ. ರೂಟರನ್ನು ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಕೆಲವು ವಾರ ಕಳೆದ ಮೇಲೆ ಮತ್ತೆ ಅದೇ ಕಥೆ. ಹಾಗಾಗಿ ಸಣ್ಣ ಬದಲಾವಣೆಗೂ ಐಟಿ ವಿಭಾಗದ ಹುಡುಗರು ಲ್ಯಾಪ್‌ಟಾಪ್, ರೂಟರಿಗೆ ನೇರವಾಗಿ ಚುಚ್ಚುವ ಕನ್ಸೋಲ್ ಕೇಬಲ್ ಹಿಡಿದು ಮಳೆಯಲ್ಲಿ ಘಟ್ಟದ ರಸ್ತೆಯಲ್ಲಿ ಹೋಗಬೇಕಿತ್ತು. ಹಳೆಯ ಸರ್ವಿಸ್ ಕಂಪನಿಯವರು ‘ರೂಟರ್ ಹಳೆಯದಾಯ್ತು, ಬದಲಾಯಿಸಿ’ ಎಂದು ಹೇಳಿ ಹೋಗಿದ್ದರು. ರೂಟರ್ ಹಳೆಯದು ಅನ್ನೋದು ನಿಜ. ಆದರೆ ಈ ತೊಂದರೆಗೆ ಅದು ಕಾರಣ ಅಲ್ಲ.

ಐದೇ ಲೈನ್

ಮೊದಲ ಸಲ ಒಳಗೆ ಹೋಗಲು ಕನ್ಸೋಲೇ ಗತಿ. ತಿಳಿನೀಲಿ ಚಪ್ಪಟೆ ಕೇಬಲ್, 9600 ಬಾಡ್, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಲ್ಯಾಪ್‌ಟಾಪಿನಲ್ಲಿ ಪುಟ್ಟಿ ಎಂಬ ಪ್ರೋಗ್ರಾಂ ತೆರೆದು ‘ಸೀರಿಯಲ್’ ಆರಿಸಿದರೆ ಆಯ್ತು. ಒಳಗೆ ಹೋದ ತಕ್ಷಣ ಕೊಟ್ಟ ಕಮಾಂಡ್ ‘ಶೋ ಯೂಸರ್ಸ್’.

ದೂರದಿಂದ ಬರುವವರಿಗೆಂದು ಸಿಸ್ಕೊ ರೂಟರಿನಲ್ಲಿ ವಿಟಿವೈ ಎಂಬ ಲೈನ್‌ಗಳು ಇರುತ್ತವೆ. ಇಲ್ಲಿದ್ದದ್ದು 0ಯಿಂದ 4ರವರೆಗೆ, ಅಂದರೆ ಐದು. ಐದೂ ತುಂಬಿದ್ದವು. ಮೂರರಲ್ಲಿ ಮುಖ್ಯ ಕಚೇರಿಯದೇ ವಿಳಾಸ. ಅವು ವಾರಗಟ್ಟಲೆಯಿಂದ ಸುಮ್ನೆ ಕೂತಿದ್ದ ಸೆಷನ್‌ಗಳು. ಇನ್ನೆರಡರಲ್ಲಿ ಯಾವ್ಯಾವುದೋ ದೇಶದ ವಿಳಾಸಗಳು. ಅರ್ಧ ನಿಮಿಷ ಬಿಟ್ಟು ನೋಡಿದರೆ ಆ ಎರಡು ಬದಲಾಗಿರುತ್ತಿದ್ದವು, ಮೊದಲಿನ ಮೂರು ಅಲ್ಲೇ ಇರುತ್ತಿದ್ದವು.

ಮೊದಲಿನ ಮೂರಕ್ಕೆ ಕಾರಣ ಕಾನ್ಫಿಗ್‌ನಲ್ಲಿ, ಅಂದರೆ ರೂಟರಿನ ಸೆಟ್ಟಿಂಗ್‌ಗಳ ಪಟ್ಟಿಯಲ್ಲಿದ್ದ ಒಂದು ಸಾಲು: ‘ಎಕ್ಸೆಕ್-ಟೈಮ್‌ಔಟ್ 0 0’. ಕೆಲಸ ಮಾಡುತ್ತಿರುವಾಗ ಮಧ್ಯೆ ಲಾಗ್‌ಔಟ್ ಆಗದಿರಲಿ ಎಂದು ತುಂಬಾ ಜನ ಹೀಗೆ ಹಾಕುತ್ತಾರೆ. ಅದರ ಅರ್ಥ, ಸುಮ್ಮನಿದ್ದವರನ್ನು ಎಂದಿಗೂ ಹೊರಗೆ ಹಾಕಬೇಡ ಅಂತ. ಯಾರೋ ಟೆಲ್‌ನೆಟ್‌ನಲ್ಲಿದ್ದಾಗ ಶಿವಮೊಗ್ಗದಲ್ಲಿ ಕರೆಂಟ್ ಹೋಗುತ್ತದೆ, ಅಥವಾ ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಎದ್ದು ಹೋಗುತ್ತಾರೆ. ಸಂಪರ್ಕ ಮುಗಿಯಿತು ಎಂದು ಹೇಳುವ ಪ್ಯಾಕೆಟ್ ರೂಟರಿಗೆ ಬರುವುದೇ ಇಲ್ಲ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಇಳಿದವರು ವಾಪಸ್ ಬರಲೇ ಇಲ್ಲ, ಟವೆಲ್ ಮಾತ್ರ ಹಾಗೇ ಇದೆ.

ಉಳಿದ ಎರಡು ಬಾಟ್‌ಗಳ, ಅಂದರೆ ತಾವಾಗಿಯೇ ಇಂಟರ್ನೆಟ್ ಜಾಲಾಡುವ ಪ್ರೋಗ್ರಾಂಗಳ ಕೆಲಸ. ಲೈನಿಗೆ ‘ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಆಲ್’ ಎಂದಿತ್ತು. ಯಾವ ವಿಳಾಸದಿಂದ ಬರಬಹುದು ಎಂಬ ಕಟ್ಟುಪಾಡು ಒಂದೂ ಇರಲಿಲ್ಲ. ಟೆಲ್‌ನೆಟ್‌ನ ಬಾಗಿಲಾದ ಪೋರ್ಟ್ 23 ಇಡೀ ಪ್ರಪಂಚಕ್ಕೆ ತೆರೆದಿತ್ತು. 2016ರ ಮಿರಾಯ್ ಎಂಬ ಬಾಟ್ ನೆನಪಿದೆಯಾ? ಟೆಲ್‌ನೆಟ್ ತೆರೆದಿಟ್ಟ ಕ್ಯಾಮೆರಾ, ಡಿವಿಆರ್, ಮನೆ ರೂಟರುಗಳನ್ನು ಹುಡುಕಿ, ಕಾರ್ಖಾನೆಯಿಂದ ಬಂದ ಯೂಸರ್‌ನೇಮ್ ಪಾಸ್‌ವರ್ಡ್‌ಗಳ ಒಂದು ಪಟ್ಟಿ ಹಿಡಿದು ಒಳಗೆ ನುಗ್ಗುತ್ತಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಡೈನ್ ಎಂಬ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಕಂಪನಿಯ ಮೇಲೆ ನಡೆದ ದಾಳಿಗೆ ಅಂಥ ಸಾಧನಗಳೇ ಸೈನ್ಯ. ಅದರ ಸೋರ್ಸ್ ಕೋಡ್ ಬಯಲಾದ ಮೇಲೆ ತಳಿಗಳು ಹುಟ್ಟುತ್ತಲೇ ಇವೆ. ಪಬ್ಲಿಕ್ ಐಪಿಯಲ್ಲಿ ಪೋರ್ಟ್ 23 ತೆರೆದರೆ ಬಾಟ್‌ಗಳು ಬಂದು ತಟ್ಟಲು ಬಹಳ ಹೊತ್ತೇನೂ ಬೇಡ. ಲಾಗಿನ್ ಆಗದವರನ್ನು ರೂಟರ್ 30 ಸೆಕೆಂಡಿಗೆ ಹೊರಗೆ ಹಾಕುತ್ತದೆ. ಒಂದು ಹೋದರೆ ಇನ್ನೊಂದು ಬರುತ್ತದೆ ಅಷ್ಟೆ. ಐದರಲ್ಲಿ ಮೂರು ಲೈನ್ ಮೊದಲೇ ಹೋಗಿರುವಾಗ ಉಳಿದೆರಡಕ್ಕೆ ಸಂಘದ ಹುಡುಗರು ಬಾಟ್‌ಗಳ ಜೊತೆ ಪೈಪೋಟಿ ಮಾಡಬೇಕಿತ್ತು.

ಕಾನ್ಫಿಗ್‌ನಲ್ಲಿ ಇನ್ನೂ ಕೆಲವು ಇದ್ದವು. ಎಲ್ಲ ಶಾಖೆಗೂ ಒಂದೇ ಪಾಸ್‌ವರ್ಡ್. ಅದೂ ಸಿಸ್ಕೊ ಪಾಸ್‌ವರ್ಡ್ ಬರೆದಿಡುವ ಟೈಪ್ 7 ಎಂಬ ರೀತಿಯಲ್ಲಿ. ನೋಡಲು ಅರ್ಥವಾಗದ ಅಂಕಿಗಳ ಸಾಲು, ಆದರೆ ಟೈಪ್ 7 ಎನ್ನುವುದು ಹಿಂದಕ್ಕೆ ತಿರುಗಿಸಬಹುದಾದ ಮರೆಮಾಚುವಿಕೆ. ಅದನ್ನು ಬಿಡಿಸುವ ಉಪಕರಣ ಎಲ್ಲಿ ಬೇಕಾದರೂ ಸಿಗುತ್ತದೆ. ಹಳೆ ಕಂಪನಿಯವರು ಮೇಲ್‌ನಲ್ಲಿ ಕಳಿಸಿದ್ದ ಬ್ಯಾಕಪ್ ಫೈಲ್‌ನಲ್ಲೂ ಅದೇ ಇತ್ತು.

ಕಾರ್ಯದರ್ಶಿಗಳ ಪ್ರಶ್ನೆ

ಸಂಘದ ಕಾರ್ಯದರ್ಶಿಗಳು ಹಿರಿಯರು. ವಿಷಯ ಕೇಳಿ ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು: ‘ಎಂತ ಮಾರಾಯ್ರೆ, ಇಷ್ಟು ವರ್ಷದಿಂದ ಹೀಗೇ ನಡೀತಿದೆ, ಏನೂ ಆಗಿಲ್ವಲ್ಲ. ಆ ಟೈಮ್‌ಔಟ್ ಒಂದು ಸರಿ ಮಾಡಿದ್ರೆ ಸಾಕಲ್ವಾ?’

ಟೈಮ್‌ಔಟ್ ಸರಿ ಮಾಡಿದರೆ ದೂರು ನಿಲ್ಲುತ್ತಿತ್ತು, ಅದು ನಿಜ. ಅದಕ್ಕೆ ಬಾಯಿಮಾತಿನ ಉತ್ತರ ಬೇಡ ಅನಿಸಿತು. ಕೂತಲ್ಲೇ ಲ್ಯಾಪ್‌ಟಾಪಿನಲ್ಲಿ ನೆಟ್‌ವರ್ಕಿನಲ್ಲಿ ಓಡಾಡುವುದನ್ನು ತೋರಿಸುವ ವೈರ್‌ಶಾರ್ಕ್ ತೆರೆದು, ಇನ್ನೊಂದು ಶಾಖೆಯ ರೂಟರಿಗೆ ಟೆಲ್‌ನೆಟ್ ಮಾಡಿ, ‘ಫಾಲೋ ಟಿಸಿಪಿ ಸ್ಟ್ರೀಮ್’ ಒತ್ತಿದೆವು. ಪಾಸ್‌ವರ್ಡ್ ಅಕ್ಷರ ಅಕ್ಷರವಾಗಿ ಪರದೆಯ ಮೇಲೆ ಬಂತು. ಟೈಪ್ ಮಾಡುವಾಗ ಕಾಣದೇ ಇದ್ದದ್ದು ವೈರಿನಲ್ಲಿ ಪೂರ್ತಿ ಕಾಣುತ್ತದೆ. ಕಾರ್ಯದರ್ಶಿಗಳು ಕನ್ನಡಕ ಸರಿ ಮಾಡಿಕೊಂಡು ಎರಡು ಸಲ ಓದಿದರು. ಆಮೇಲೆ ಚರ್ಚೆ ಖರ್ಚಿನ ಕಡೆ ಹೋಯಿತು.

ಟೆಲ್‌ನೆಟ್‌ನ ಕೆಲಸವನ್ನೇ ಗೂಢಲಿಪಿಯಲ್ಲಿ ಮಾಡುವ ಎಸ್‌ಎಸ್‌ಎಚ್ ಹುಟ್ಟಿದ್ದೂ ಇದೇ ಕಾರಣಕ್ಕೆ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಕೂತು ಪಾಸ್‌ವರ್ಡ್‌ಗಳನ್ನು ಕದ್ದು ಕೇಳುತ್ತಿದ್ದರು. ಅಲ್ಲಿದ್ದ ಟಾಟು ಯಿಲೋನೆನ್ ಅದಕ್ಕೆ ಪರಿಹಾರವಾಗಿ ಬರೆದ ಪ್ರೋಗ್ರಾಂ ಎಸ್‌ಎಸ್‌ಎಚ್. ಟೆಲ್‌ನೆಟ್‌ನ 23, ಎಫ್‌ಟಿಪಿಯ 21, ಇವೆರಡರ ನಡುವೆ ಖಾಲಿ ಇದ್ದ 22ನ್ನು ಅವರು ಕೇಳಿ ಪಡೆದರು. ಈಗ ಎಲ್ಲರೂ ಬಳಸುವ ಎರಡನೇ ಆವೃತ್ತಿ 2006ರಲ್ಲಿ ಆರ್‌ಎಫ್‌ಸಿ, ಅಂದರೆ ಇಂಟರ್ನೆಟ್ ನಿಯಮಗಳ ದಾಖಲೆಯ ರೂಪದಲ್ಲಿ ಬಂತು.

ಎಲ್ಲಿಂದ ಬರಬಹುದು?

ರೂಟರಿನಲ್ಲಿ ಎಸ್‌ಎಸ್‌ಎಚ್ ಆನ್ ಮಾಡುವ ಕಮಾಂಡ್‌ಗಳು ಹತ್ತು ಸಾಲು ಕೂಡ ಇಲ್ಲ. ಈ ಪ್ರಕರಣದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಯಾರು, ಎಲ್ಲಿಂದ ಬರಬಹುದು ಎಂಬ ಮಾತು. ನನ್ನ ಪ್ರಕಾರ ಅದೇ ಮುಖ್ಯ ಕೆಲಸ. ಇಡೀ ಪ್ರಪಂಚಕ್ಕೆ ತೆರೆದಿಟ್ಟ ಎಸ್‌ಎಸ್‌ಎಚ್ ಎಂದರೆ ಅದೇ ಬಾಟ್‌ಗಳು 23ರ ಬದಲು 22ಕ್ಕೆ ಬಂದು ತಟ್ಟುವುದು, ಅಷ್ಟೆ.

ಎಲ್ಲರಿಗೂ ಮೊದಲು ಹೊಳೆದದ್ದು ಟನಲ್. ಮುಖ್ಯ ಕಚೇರಿಯ ಐಟಿ ಕೋಣೆಯ 10.10.1.0 ನೆಟ್‌ವರ್ಕಿನಿಂದ ಮಾತ್ರ, ಟನಲ್ ಮೂಲಕ ಮಾತ್ರ ಬಿಡೋಣ. ಹೊರಗಿನವರಿಗೆ ಏನೂ ಕಾಣುವುದಿಲ್ಲ. ಚೆನ್ನಾಗಿದೆ. ಆದರೆ ರೂಟರಿಗೆ ತುರ್ತಾಗಿ ಹೋಗಬೇಕಾಗುವುದು ಯಾವಾಗ? ಟನಲ್ ಬಿದ್ದಾಗ. ಟನಲ್ ಸರಿ ಮಾಡಲು ಟನಲ್ ಬೇಕು ಎಂದರೆ ಮತ್ತೆ ಘಟ್ಟದ ರಸ್ತೆಯೇ.

ಹಾಗಾಗಿ ಎರಡನೆಯ ದಾರಿ ಇಟ್ಟೆವು. ಮುಖ್ಯ ಕಚೇರಿಯ ಸ್ಥಿರ ಪಬ್ಲಿಕ್ ವಿಳಾಸದಿಂದ ಶಾಖೆಯ ಪಬ್ಲಿಕ್ ವಿಳಾಸಕ್ಕೆ ನೇರವಾಗಿ. ಅಲ್ಲೂ ಒಂದು ತೊಡಕು. ಮುಖ್ಯ ಕಚೇರಿಗೆ ಎರಡು ಬ್ರಾಡ್‌ಬ್ಯಾಂಡ್ ಇದ್ದವು. ಒಂದರದ್ದು ಮಾತ್ರ ಸ್ಥಿರ ವಿಳಾಸ. ಮೊದಲನೆಯದು ಕಡಿದುಹೋದರೆ ಎರಡನೆಯದರಿಂದ ಹೊರಡುವ ವಿಳಾಸ ದಿನಕ್ಕೊಂದು. ಮೊದಲನೆಯದು ಕಡಿದ ದಿನ ಟನಲ್ ಕೂಡ ಬೀಳುತ್ತದೆ, ಎರಡು ದಾರಿಯೂ ಒಟ್ಟಿಗೆ ಮುಚ್ಚುತ್ತವೆ. ಎರಡನೆಯ ಲೈನಿಗೂ ಸ್ಥಿರ ವಿಳಾಸ ಕೊಳ್ಳಿ ಎಂದೆವು. ಕಾರ್ಯದರ್ಶಿಗಳು ತಿಂಗಳ ಬಾಡಿಗೆ ಕೇಳಿದರು, ಒಂದು ಕಾರಿನ ಡೀಸೆಲ್ ಲೆಕ್ಕ ಹಾಕಿದರು, ಒಪ್ಪಿದರು.

ಪೋರ್ಟ್ ಬದಲಾಯಿಸಿ 2222 ಮಾಡಿದರೆ ಸಾಕಲ್ವಾ ಎಂದು ಐಟಿ ವಿಭಾಗದ ಒಬ್ಬರು ಕೇಳಿದರು. ಬಾಟ್‌ಗಳ ಗದ್ದಲ ಒಂದಿಷ್ಟು ಕಡಿಮೆ ಆಗುತ್ತದೆ, ನಿಜ. ಆದರೆ ಐಒಎಸ್‌ನಲ್ಲಿ (ಸಿಸ್ಕೊ ರೂಟರಿನ ಆಪರೇಟಿಂಗ್ ಸಿಸ್ಟಮ್) ಹೊಸ ಪೋರ್ಟ್ ಕೊಟ್ಟ ಮಾತ್ರಕ್ಕೆ 22 ಮುಚ್ಚುವುದಿಲ್ಲ. ಅದಕ್ಕೂ ಆಕ್ಸೆಸ್ ಲಿಸ್ಟ್, ಅಂದರೆ ಯಾವ ವಿಳಾಸದವರನ್ನು ಬಿಡಬೇಕು ಎಂಬ ಪಟ್ಟಿ ಬರೆಯಲೇಬೇಕು. ಲಿಸ್ಟ್ ಬರೆದ ಮೇಲೆ ಪೋರ್ಟ್ ಬದಲಾಯಿಸುವ ಅಗತ್ಯ ಎಲ್ಲಿದೆ?

4ಜಿ ಸಿಮ್ ಮೇಲೆ ನಡೆಯುವ ಶಾಖೆಯದು ಬೇರೆಯೇ ಕಥೆ. ಸಿಮ್‌ಗೆ ಸಿಗುವುದು 100.64ರಿಂದ ಶುರುವಾಗುವ ವಿಳಾಸ. ಅದು ಮೊಬೈಲ್ ಕಂಪನಿಯ ನ್ಯಾಟ್ (ಹಲವರನ್ನು ಒಂದೇ ಪಬ್ಲಿಕ್ ವಿಳಾಸದಿಂದ ಹೊರಗೆ ಕಳಿಸುವ ವ್ಯವಸ್ಥೆ) ಹಿಂದಿರುವ, ಹಲವರಿಗೆ ಹಂಚಿದ ವಿಳಾಸ. ಹೊರಗಿನಿಂದ ಅದನ್ನು ಕರೆಯಲು ಆಗುವುದಿಲ್ಲ. ಶಾಖೆಯೇ ಟನಲ್ ಶುರು ಮಾಡಬೇಕು, ಎಸ್‌ಎಸ್‌ಎಚ್ ಅದರೊಳಗೇ ಹೋಗಬೇಕು. ಟನಲ್ ಬಿದ್ದರೆ ಫೋನ್ ಮಾಡಿ ರೂಟರ್ ಆಫ್-ಆನ್ ಮಾಡಿಸುವುದು. ಅದಕ್ಕಿಂತ ಒಳ್ಳೆಯ ದಾರಿ ಆ ಬಜೆಟ್‌ನಲ್ಲಿ ಇರಲಿಲ್ಲ.

ಹೊಸನಗರದ ಸಂಜೆ

ಈ ಶಾಖೆಯನ್ನು ಮೊದಲು ಮಾಡಿದ್ದು ಉಳಿದವುಗಳಿಗೆ ಒಂದು ಕ್ರಮ ಕಂಡುಕೊಳ್ಳಲು. ಉಳಿದ ಕಡೆ ಯಾರೂ ಹೋಗದೆ ಶಿವಮೊಗ್ಗದಿಂದಲೇ ಕೆಲಸ ಮುಗಿಯಬೇಕು. ಹಾಗಾಗಿ ನಾನು ಶಾಖೆಯಲ್ಲಿ ಕನ್ಸೋಲ್ ಹಿಡಿದು ಕೂತೆ. ಐಟಿ ವಿಭಾಗದ ಹುಡುಗ ಶಿವಮೊಗ್ಗದಲ್ಲಿ ಕೂತು, ಶಾಖೆಯಲ್ಲಿ ಯಾರೂ ಇಲ್ಲ ಎನ್ನುವ ಹಾಗೆ ಎಲ್ಲವನ್ನೂ ದೂರದಿಂದ ಮಾಡಬೇಕು. ಕೌಂಟರ್ ಮುಚ್ಚಿ, ದಿನದ ಲೆಕ್ಕ ತಾಳೆಯಾದ ಮೇಲೆ ಶುರು ಮಾಡಿದೆವು.

ಮೊದಲು ಗಡಿಯಾರ. ‘ಶೋ ಕ್ಲಾಕ್’ ಕೊಟ್ಟರೆ ಸಮಯದ ಮುಂದೆ ಒಂದು ನಕ್ಷತ್ರ ಚಿಹ್ನೆ. ರೂಟರಿಗೇ ಆ ಸಮಯದ ಮೇಲೆ ನಂಬಿಕೆ ಇಲ್ಲ ಎಂದು ಅದರ ಅರ್ಥ. ಯಾರು ಯಾವಾಗ ಬಂದರು ಎಂದು ಲಾಗ್ ಬರೆಯಬೇಕಾದ ಸಾಧನಕ್ಕೆ ಗಂಟೆಯೇ ಗೊತ್ತಿಲ್ಲದಿದ್ದರೆ ಹೇಗೆ? ಭಾರತದಲ್ಲಿ ಇದು ಕಾನೂನಿನ ವಿಷಯ ಕೂಡ ಹೌದು. ದೇಶದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಗಡಿಯಾರಗಳನ್ನು ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ, ಸಮಯ ತಿಳಿಸುವ ಎನ್‌ಟಿಪಿ ಸರ್ವರ್‌ಗೆ, ಇಲ್ಲವೇ ಅವುಗಳ ಜೊತೆ ತಾಳೆಯಾಗುವ ಸರ್ವರ್‌ಗೆ ಹೊಂದಿಸಬೇಕು. ಲಾಗ್‌ಗಳನ್ನು 180 ದಿನ ಇಡಬೇಕು. ಎನ್‌ಐಸಿಯ ಸರ್ವರಿನ ಹೆಸರೇ ‘ಸಮಯ್’, ಚೆನ್ನಾಗಿದೆ ಅಲ್ವಾ? ರೂಟರಿನ ಸ್ವಂತ ಬಫರ್ ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ. ಹಾಗಾಗಿ ಲಾಗ್ ಶಿವಮೊಗ್ಗದಲ್ಲಿ ಅದನ್ನು ಕೂಡಿಡುವ ಒಂದು ಸಿಸ್‌ಲಾಗ್ ಸರ್ವರಿಗೆ ಹೋಗುವಂತೆ ಮಾಡಿದೆವು.

ಆಮೇಲೆ ಹೆಸರು. ಈ ರೂಟರಿನ ಹೆಸರು ಕಾರ್ಖಾನೆಯಿಂದ ಬಂದಾಗಿನ ‘ರೂಟರ್’ ಎಂದೇ ಇತ್ತು. ಆ ಹೆಸರಿದ್ದರೆ ಐಒಎಸ್, ಎಸ್‌ಎಸ್‌ಎಚ್‌ಗೆ ಬೇಕಾದ ಗೂಢಲಿಪಿಯ ಕೀ ತಯಾರಿಸಲು ಒಪ್ಪುವುದಿಲ್ಲ. ಬೇರೆ ಹೆಸರಿಡಿ ಎನ್ನುತ್ತದೆ. ಹೆಸರಿಟ್ಟರೆ ಡೊಮೈನ್ ಹೆಸರು ಎಲ್ಲಿ ಎಂದು ಕೇಳುತ್ತದೆ. ಎರಡೂ ಸೇರಿ ಕೀ ಜೋಡಿಯ ಹೆಸರಾಗುತ್ತದೆ, ಅದಕ್ಕೆ. ಡೊಮೈನ್ ನಿಜವಾಗಿ ಇಂಟರ್ನೆಟ್‌ನಲ್ಲಿ ಇರಲೇಬೇಕೆಂದೇನಿಲ್ಲ. ಐಪಿಸೆಕ್‌ನಲ್ಲಿ ಎರಡೂ ಕಡೆಯವರು ಹೆಸರಿನಿಂದ ಗುರುತಿಸಿಕೊಳ್ಳುತ್ತಿದ್ದರೆ ಹೋಸ್ಟ್‌ನೇಮ್ ಬದಲಾಯಿಸುವ ಮುಂಚೆ ಯೋಚಿಸಬೇಕು. ಇಲ್ಲಿ ವಿಳಾಸದಿಂದ ಗುರುತು ಇದ್ದದ್ದರಿಂದ ಏನೂ ಆಗಲಿಲ್ಲ.

‘ಕ್ರಿಪ್ಟೊ ಕೀ ಜನರೇಟ್ ಆರ್‌ಎಸ್‌ಎ ಮಾಡ್ಯುಲಸ್ 2048’. ಕಮಾಂಡೇ ಇಲ್ಲ ಎಂದು ರೂಟರ್ ಹೇಳಿದರೆ ಐಒಎಸ್ ಫೈಲ್ ಹೆಸರಿನಲ್ಲಿ ಗೂಢಲಿಪಿ ಸೌಲಭ್ಯದ ಗುರುತಾದ ಕೆ9 ಇದೆಯೇ ನೋಡಿ. ಸಂಖ್ಯೆ ಕೊಡದೆ ಎಂಟರ್ ಒತ್ತುವ ಅಭ್ಯಾಸ ಇದ್ದರೆ ಹಳೆ ಐಒಎಸ್ 512 ಬಿಟ್ ಕೀ ಮಾಡಿಬಿಡುತ್ತದೆ. ಆವೃತ್ತಿ 2ಕ್ಕೆ ಕನಿಷ್ಠ 768 ಬೇಕು. 2048ಕ್ಕಿಂತ ಕಡಿಮೆ ಇವತ್ತು ಹಾಕಬಾರದು. ಕೀ ಆದ ಮೇಲೆ ‘ಶೋ ಐಪಿ ಎಸ್‌ಎಸ್‌ಎಚ್’ ಕೊಟ್ಟರೆ ಆವೃತ್ತಿ 1.99 ಎಂದು ತೋರಿಸಿತು. ಹಾಗೊಂದು ಆವೃತ್ತಿ ಇಲ್ಲ. 1 ಮತ್ತು 2 ಎರಡಕ್ಕೂ ಸಿದ್ಧ ಎಂದು ಹೇಳುವ ರೀತಿ ಅದು. ‘ಐಪಿ ಎಸ್‌ಎಸ್‌ಎಚ್ ವರ್ಷನ್ 2’ ಕೊಟ್ಟ ಮೇಲೆ 2.0 ಆಯ್ತು.

ಯೂಸರ್‌ಗಳನ್ನು ಸೇರಿಸುವಾಗ ಒಂದು ವಿಷಯಕ್ಕೆ ಗಟ್ಟಿಯಾಗಿ ನಿಂತೆವು. ‘ಅಡ್ಮಿನ್’ ಎಂಬ ಎಲ್ಲರ ಖಾತೆ ಬೇಡ. ಒಬ್ಬೊಬ್ಬರಿಗೆ ಒಂದು ಹೆಸರು, ‘ಪಾಸ್‌ವರ್ಡ್’ ಎಂಬ ಕಮಾಂಡ್ ಬದಲು ಹಿಂದಕ್ಕೆ ತಿರುಗಿಸಲಾಗದಂತೆ (ಹ್ಯಾಶ್ ಮಾಡಿ) ಬರೆದಿಡುವ ‘ಸೀಕ್ರೆಟ್’. ಈ ಐಒಎಸ್‌ನಲ್ಲಿ ಟೈಪ್ 9, ಅಂದರೆ ಎಸ್‌ಕ್ರಿಪ್ಟ್ ಇತ್ತು, ಅದನ್ನೇ ಹಾಕಿದೆವು. ಎಲ್ಲಾದರೂ ಟೈಪ್ 4 ಕಂಡರೆ ಬಿಡಬೇಡಿ. ಅದು ಟೈಪ್ 5ಕ್ಕಿಂತ ಗಟ್ಟಿ ಎಂದು ಬಂದದ್ದು, ಆದರೆ ‘ಉಪ್ಪು’ (ಸಾಲ್ಟ್, ಪ್ರತಿ ಪಾಸ್‌ವರ್ಡ್‌ಗೂ ಬೇರೆ ಬೇರೆಯಾಗಿ ಬೆರೆಸುವ ಅಕ್ಷರಗಳು) ಸೇರಿಸದೆ ಒಂದೇ ಸಲ ಹ್ಯಾಶ್ ಮಾಡುತ್ತಿತ್ತು. 2013ರಲ್ಲಿ ಸಿಸ್ಕೊ ತಾನೇ ಅದನ್ನು ಒಪ್ಪಿಕೊಂಡು ಕೈಬಿಟ್ಟಿತು.

ಉಳಿದ ಶಾಖೆಗಳಲ್ಲಿ ಹೊಸ ಪಾಸ್‌ವರ್ಡ್ ಹಾಕುವುದೂ ಟೆಲ್‌ನೆಟ್ ಮೂಲಕವೇ ತಾನೆ? ಹೊಸ ಗುಟ್ಟನ್ನು ಅದೇ ಬಯಲು ದಾರಿಯಲ್ಲಿ ಕಳಿಸಿದರೆ ಏನು ಬಂತು? ಅದಕ್ಕೆ ಅಲ್ಲಿ ಪಬ್ಲಿಕ್ ವಿಳಾಸಕ್ಕೆ ಟೆಲ್‌ನೆಟ್ ಮಾಡಬಾರದು ಎಂದು ಕ್ರಮದಲ್ಲಿ ಬರೆದೆವು. ಟನಲ್ ಮೂಲಕ ರೂಟರಿನ ಒಳಗಿನ ವಿಳಾಸಕ್ಕೆ ಹೋದರೆ ಇಂಟರ್ನೆಟ್ ಭಾಗದಲ್ಲಿ ಐಪಿಸೆಕ್ ರಕ್ಷಣೆ ಇರುತ್ತದೆ. ಆಗಲೂ ಹಾಕುವುದು ತಾತ್ಕಾಲಿಕ ಪಾಸ್‌ವರ್ಡ್. ಎಸ್‌ಎಸ್‌ಎಚ್ ಬಂದ ಮೇಲೆ ಅದರೊಳಗಿಂದ ನಿಜವಾದದ್ದು.

ಇಷ್ಟು ಆಗುವವರೆಗೆ ಅಪಾಯವಿಲ್ಲ, ಹಳೆ ದಾರಿ ತೆರೆದೇ ಇದೆ. ಇಲ್ಲಿಗೆ ಕಾನ್ಫಿಗ್ ಸೇವ್ ಮಾಡಿದೆವು. ಮುಂದಿನ ಹೆಜ್ಜೆಯಿಂದ ಹೊರಗೆ ಸಿಕ್ಕಿಬೀಳುವ ಭಯ ಶುರು. ಅದಕ್ಕೆ ಮದ್ದು ‘ರೀಲೋಡ್ ಇನ್ 15’. ಹದಿನೈದು ನಿಮಿಷದಲ್ಲಿ ರೂಟರ್ ತಾನೇ ರೀಸ್ಟಾರ್ಟ್ ಆಗುತ್ತದೆ, ಸೇವ್ ಆಗಿದ್ದ ಹಳೆ ಕಾನ್ಫಿಗ್‌ಗೆ ಮರಳುತ್ತದೆ. ಎಲ್ಲ ಸರಿಯಾದರೆ ‘ರೀಲೋಡ್ ಕ್ಯಾನ್ಸಲ್’ ಕೊಟ್ಟು ಆಮೇಲೆ ಸೇವ್ ಮಾಡುವುದು. ಇದರಲ್ಲಿ ಒಂದು ಗುಂಡಿ ಇದೆ. ಸೇವ್ ಆಗದ ಬದಲಾವಣೆ ಏನಾದರೂ ಇದ್ದರೆ ‘ರೀಲೋಡ್ ಇನ್’ ಕೊಟ್ಟಾಗ ‘ಕಾನ್ಫಿಗ್ ಬದಲಾಗಿದೆ, ಸೇವ್ ಮಾಡಲೇ?’ ಎಂದು ರೂಟರ್ ಕೇಳುತ್ತದೆ. ಎರಡನೇ ಸಲ ಟೈಮರ್ ಹಾಕುವಾಗ ಈ ಪ್ರಶ್ನೆ ಬಂದೇ ಬರುತ್ತದೆ. ಅಭ್ಯಾಸಬಲದಿಂದ ‘ಯೆಸ್’ ಎಂದರೆ ಕೆಟ್ಟ ಕಾನ್ಫಿಗೇ ಸೇವ್ ಆಗುತ್ತದೆ, ರೀಸ್ಟಾರ್ಟ್ ಆದರೂ ಪ್ರಯೋಜನವಿಲ್ಲ. ‘ನೋ’ ಎನ್ನಬೇಕು. ಕ್ರಮದ ಹಾಳೆಯಲ್ಲಿ ಈ ಒಂದು ಸಾಲನ್ನು ಮಾತ್ರ ಕೆಂಪು ಶಾಯಿಯಲ್ಲಿ ಬರೆಸಿದೆವು.

ರೀಸ್ಟಾರ್ಟ್ ಬೇಡದವರಿಗೆ ‘ಕಾನ್ಫಿಗರ್ ಟರ್ಮಿನಲ್ ರಿವರ್ಟ್ ಟೈಮರ್’ ಎಂಬ ದಾರಿ ಇದೆ. ಖಚಿತಪಡಿಸದಿದ್ದರೆ ಕಾನ್ಫಿಗ್ ಮಾತ್ರ ಹಿಂದಕ್ಕೆ ಹೋಗುತ್ತದೆ. ಅದಕ್ಕೆ ಮೊದಲೇ ಆರ್ಕೈವ್ ಜಾಗ ಹೊಂದಿಸಿರಬೇಕು. ಹಗಲು ಹೊತ್ತಿನಲ್ಲಿ ಕೆಲಸ ಮಾಡಬೇಕಾದರೆ ಅದೇ ಒಳ್ಳೆಯದು. ಕೌಂಟರ್ ಮುಚ್ಚಿದ ಮೇಲೆ ಮಾಡುವುದಾದರೆ ಹಳೆಯ ರೀಲೋಡ್ ಸರಳ.

ಟೈಮರ್ ಹಾಕಿದ ಮೇಲೆ ಶಿವಮೊಗ್ಗದವನು ವಿಟಿವೈ ಲೈನಿಗೆ ‘ಲಾಗಿನ್ ಲೋಕಲ್’ ಮತ್ತು ‘ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಟೆಲ್‌ನೆಟ್ ಎಸ್‌ಎಸ್‌ಎಚ್’ ಕೊಟ್ಟ. ಎರಡೂ ದಾರಿ ತೆರೆದಿವೆ. ಇದ್ದ ಕಿಟಕಿ ಮುಚ್ಚದೆ ಹೊಸ ಕಿಟಕಿಯಲ್ಲಿ ಎಸ್‌ಎಸ್‌ಎಚ್ ಮಾಡಿದ. ಬಂತು. ಆಮೇಲೆ ಟೆಲ್‌ನೆಟ್ ತೆಗೆದು ಮತ್ತೆ ಹೊಸ ಕಿಟಕಿ. ಬಂತು. ಚಾಲ್ತಿಯಲ್ಲಿರುವ ಸೆಷನ್ ಈ ಬದಲಾವಣೆಗಳಿಂದ ಕಡಿಯುವುದಿಲ್ಲ. ಹೊಸದಾಗಿ ಬರುವವರಿಗೆ ಮಾತ್ರ ತಟ್ಟುತ್ತದೆ. ಅದಕ್ಕೇ ಹಳೆ ಕಿಟಕಿ ನೋಡಿಕೊಂಡು ‘ಕೆಲಸ ಆಗ್ತಿದೆ’ ಎಂದುಕೊಳ್ಳಬಾರದು.

ಕೊನೆಗೆ ಆಕ್ಸೆಸ್ ಲಿಸ್ಟ್: ಐಟಿ ಕೋಣೆಯ ನೆಟ್‌ವರ್ಕ್, ಮುಖ್ಯ ಕಚೇರಿಯ ಎರಡು ಪಬ್ಲಿಕ್ ವಿಳಾಸ, ಉಳಿದದ್ದೆಲ್ಲ ತಡೆದು ಲಾಗ್ ಮಾಡು. ಅದನ್ನು ‘ಆಕ್ಸೆಸ್-ಕ್ಲಾಸ್’ ಮೂಲಕ ಲೈನಿಗೆ ಹಾಕಿದ. ಈ ಹಂತದಲ್ಲಿ ಬೇಕೆಂದೇ ಲಿಸ್ಟಿನಲ್ಲಿ ಒಂದು ಅಂಕಿ ತಪ್ಪಾಗಿ ಹಾಕಿಸಿ, ಅವನು ತನ್ನನ್ನು ತಾನೇ ಹೊರಗೆ ಹಾಕಿಕೊಳ್ಳುವಂತೆ ಮಾಡಿದೆವು. ಎಲ್ಲ ಕಿಟಕಿ ಮುಚ್ಚಿ, ಟೈಮರ್ ಮುಗಿಯುವವರೆಗೆ ಕಾದೆವು. ರೂಟರ್ ರೀಸ್ಟಾರ್ಟ್ ಆಯ್ತು, ಟನಲ್ ಬಂತು, ಟೆಲ್‌ನೆಟ್ ಮತ್ತೆ ಸಿಕ್ಕಿತು. ಕನ್ಸೋಲಿನಲ್ಲಿ ನಾನು ಒಂದಕ್ಷರವೂ ಒತ್ತಲಿಲ್ಲ. ಫೋನಿನಲ್ಲಿ ಅವನು ‘ಸಾರ್, ಇನ್ನು ಬೇರೆ ಬ್ರಾಂಚ್ ಮಾಡೋಕೆ ಧೈರ್ಯ ಬಂತು’ ಎಂದ. ಆ ಧೈರ್ಯಕ್ಕಾಗಿಯೇ ಈ ಪರೀಕ್ಷೆ. ಆಮೇಲೆ ಮತ್ತೆ ಟೈಮರ್ ಹಾಕಿ, ಅದೇ ಹೆಜ್ಜೆಗಳನ್ನು ಇನ್ನೊಮ್ಮೆ ಮಾಡಿ, ಸರಿಯಾದ ಲಿಸ್ಟ್ ಹಾಕಿ, ಟೈಮರ್ ರದ್ದು ಮಾಡಿ, ಸೇವ್ ಮಾಡಿದ.

ಟೈಮ್‌ಔಟ್ ಹತ್ತು ನಿಮಿಷಕ್ಕೆ ಬಂತು. ‘ಸರ್ವಿಸ್ ಟಿಸಿಪಿ-ಕೀಪ್‌ಅಲೈವ್ಸ್-ಇನ್’ ಕೂಡ ಸೇರಿತು, ಸತ್ತ ಸೆಷನ್‌ಗಳನ್ನು ರೂಟರ್ ತಾನೇ ಪತ್ತೆ ಮಾಡಲಿ ಎಂದು. ಮೂಲ ದೂರು ಪರಿಹಾರವಾದದ್ದು ಈ ಎರಡು ಸಾಲಿನಿಂದ.

ತಪ್ಪು ಪಾಸ್‌ವರ್ಡ್ ಪದೇ ಪದೇ ಬಂದರೆ ಸ್ವಲ್ಪ ಹೊತ್ತು ಲಾಗಿನ್ ನಿಲ್ಲಿಸುವ ‘ಲಾಗಿನ್ ಬ್ಲಾಕ್-ಫಾರ್’ ಕಮಾಂಡನ್ನೂ ಹಾಕಿದೆವು. ಇದನ್ನು ಒಂಟಿಯಾಗಿ ಹಾಕಿದರೆ ಎಡವಟ್ಟು. ಆ ನಿಶ್ಶಬ್ದದ ಹೊತ್ತಿನಲ್ಲಿ ಎಲ್ಲರಿಗೂ ಬಾಗಿಲು ಬಂದ್, ನಿಮಗೂ ಸೇರಿ. ಯಾರೋ ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಡುತ್ತಾ ನಿಮ್ಮನ್ನು ಹೊರಗೇ ಇಡಬಹುದು. ‘ಲಾಗಿನ್ ಕ್ವೈಟ್-ಮೋಡ್ ಆಕ್ಸೆಸ್-ಕ್ಲಾಸ್’ ಎಂದು ಅದೇ ಲಿಸ್ಟನ್ನು ಜೋಡಿಸಿದರೆ ನಮ್ಮವರಿಗೆ ಮಾತ್ರ ದಾರಿ ಉಳಿಯುತ್ತದೆ.

ಹೊಸ ಲ್ಯಾಪ್‌ಟಾಪ್, ಹಳೆ ರೂಟರ್

ಮರುದಿನ ಇನ್ನೊಬ್ಬ ಇಂಜಿನಿಯರ್ ಫೋನ್ ಮಾಡಿದರು. ಅವರದು ಉಬುಂಟು 22.04. ‘ಸಾರ್, ನನಗೆ ಮಾತ್ರ ಬರ್ತಿಲ್ಲ, ಕೀ ಎಕ್ಸ್‌ಚೇಂಜ್ ಹೊಂದಾಣಿಕೆ ಇಲ್ಲ ಅಂತಿದೆ. ವಿಂಡೋಸ್‌ನಲ್ಲಿ ಪುಟ್ಟಿ ಇರೋರಿಗೆಲ್ಲ ಬರುತ್ತೆ.’

ಇದು ಹಳೆ ರೂಟರಿಗೆ ಎಸ್‌ಎಸ್‌ಎಚ್ ಹಾಕಿದ ಎಲ್ಲರಿಗೂ ಒಮ್ಮೆಯಾದರೂ ಎದುರಾಗುವ ವಿಷಯ. ಮಾತು ಶುರು ಮಾಡುವ ಮೊದಲು ಎರಡೂ ಕಡೆಯವರು ಯಾವ ವಿಧಾನದಲ್ಲಿ ಗುಟ್ಟು ಹಂಚಿಕೊಳ್ಳೋಣ ಎಂದು ಒಪ್ಪಬೇಕು. ಈ ರೂಟರಿಗೆ ಗೊತ್ತಿದ್ದದ್ದು ಶಾ-1 ಎಂಬ ಹಳೆಯ ಹ್ಯಾಶ್ ಆಧಾರದ ಡಿಫಿ-ಹೆಲ್‌ಮನ್ ವಿಧಾನಗಳು. ಉಬುಂಟುವಿನಲ್ಲಿರುವ ಎಸ್‌ಎಸ್‌ಎಚ್ ಪ್ರೋಗ್ರಾಂ ಓಪನ್‌ಎಸ್‌ಎಸ್‌ಎಚ್ ಅವುಗಳನ್ನು ಒಂದೊಂದಾಗಿ ಕೈಬಿಟ್ಟಿದೆ. 2015ರ 7.0 ಆವೃತ್ತಿಯಲ್ಲಿ ಅವುಗಳಲ್ಲೇ ದುರ್ಬಲವಾದ ಗ್ರೂಪ್ 1 ಹೋಯಿತು. 2021ರ 8.8ರಲ್ಲಿ ಶಾ-1 ಬಳಸುವ ಆರ್‌ಎಸ್‌ಎ ಸಹಿಯನ್ನೂ ತಾನಾಗಿ ಒಪ್ಪುವುದನ್ನು ನಿಲ್ಲಿಸಿತು. ಪುಟ್ಟಿ ಎಚ್ಚರಿಕೆ ಕೊಟ್ಟಾದರೂ ಬಿಡುತ್ತದೆ. ಅದಕ್ಕೇ ಅವರಿಗೆ ಬರುತ್ತಿತ್ತು.

ಮೊದಲು ರೂಟರಿನ ಕಡೆ ಆಗುವಷ್ಟು ಬಿಗಿ ಮಾಡಿದೆವು. ‘ಐಪಿ ಎಸ್‌ಎಸ್‌ಎಚ್ ಡಿಎಚ್ ಮಿನ್ ಸೈಜ್ 2048’ ಕೊಟ್ಟರೆ ದುರ್ಬಲವಾದ ಗ್ರೂಪ್ 1 ಹೊರಗೆ ಉಳಿಯುತ್ತದೆ, ಗ್ರೂಪ್ 14 ನಿಲ್ಲುತ್ತದೆ. ಆಮೇಲೆ ಅವರ ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲ್‌ನಲ್ಲಿ ಈ ರೂಟರುಗಳ ವಿಳಾಸದ ಕೆಳಗೆ ಮಾತ್ರ ಎರಡು ಸಾಲು ಸೇರಿಸಿದೆವು: ‘ಕೆಕ್ಸ್ಆಲ್ಗಾರಿದಮ್ಸ್’ನಲ್ಲಿ ಗ್ರೂಪ್ 14 ಶಾ-1, ‘ಹೋಸ್ಟ್‌ಕೀಆಲ್ಗಾರಿದಮ್ಸ್’ನಲ್ಲಿ ಎಸ್‌ಎಸ್‌ಎಚ್-ಆರ್‌ಎಸ್‌ಎ, ಎರಡಕ್ಕೂ ಮುಂದೆ ಪ್ಲಸ್ ಚಿಹ್ನೆ. ಪ್ಲಸ್ ಇದ್ದರೆ ಇದ್ದ ಪಟ್ಟಿಗೆ ಸೇರುತ್ತದೆ. ಇಲ್ಲದಿದ್ದರೆ ಇದ್ದದ್ದೆಲ್ಲ ಹೋಗಿ ಇದೊಂದೇ ಉಳಿಯುತ್ತದೆ. ಇಡೀ ಲ್ಯಾಪ್‌ಟಾಪಿಗೆ ಅನ್ವಯವಾಗುವ ಹಾಗೆ ಹಾಕುವ ಸಲಹೆ ಎಷ್ಟೋ ಕಡೆ ಸಿಗುತ್ತದೆ. ಒಂದು ಮುದಿ ರೂಟರಿಗಾಗಿ ಉಳಿದೆಲ್ಲ ಸರ್ವರುಗಳ ಜೊತೆಗಿನ ಸಂಪರ್ಕವನ್ನು ಯಾಕೆ ಸಡಿಲ ಮಾಡಬೇಕು?

ಅದೇ ಇಂಜಿನಿಯರ್‌ಗೆ ಮೊದಲ ಸಲ ಬಂದ ‘ಈ ಹೋಸ್ಟ್ ಗೊತ್ತಿಲ್ಲ, ಮುಂದುವರಿಯಲೇ?’ ಎಂಬ ಪ್ರಶ್ನೆಗೂ ಉತ್ತರ ಸಿದ್ಧವಿತ್ತು. ಬಹಳ ಜನ ಓದದೆ ‘ಯೆಸ್’ ಒತ್ತುತ್ತಾರೆ. ಆ ಒಂದು ಕ್ಷಣದಲ್ಲಿ ಮಧ್ಯೆ ಯಾರೋ ಕೂತಿದ್ದರೆ ಎಸ್‌ಎಸ್‌ಎಚ್ ಕೂಡ ಕಾಪಾಡುವುದಿಲ್ಲ. ಕನ್ಸೋಲಿನಲ್ಲಿದ್ದಾಗಲೇ ‘ಶೋ ಐಪಿ ಎಸ್‌ಎಸ್‌ಎಚ್’ ತೋರಿಸಿದ ಪಬ್ಲಿಕ್ ಕೀಯನ್ನು ನಕಲು ಮಾಡಿ, ತುಂಡಾದ ಸಾಲುಗಳನ್ನು ಜೋಡಿಸಿ, ‘ಎಸ್‌ಎಸ್‌ಎಚ್-ಕೀಜೆನ್’ ಪ್ರೋಗ್ರಾಂನಿಂದ ಅದರ ಫಿಂಗರ್‌ಪ್ರಿಂಟ್ (ಕೀಯನ್ನು ಗುರುತಿಸುವ ಚಿಕ್ಕ ಅಕ್ಷರಸಾಲು) ತೆಗೆದು ಹಾಳೆಯಲ್ಲಿ ಬರೆದಿಟ್ಟಿದ್ದೆವು. ಅದನ್ನು ಪರದೆಯ ಜೊತೆ ಹೋಲಿಸಿ ಆಮೇಲೆ ‘ಯೆಸ್’.

ಆಮೇಲಿನ ಸಂಗತಿಗಳು

ಉಳಿದ ಶಾಖೆಗಳು ಶಿವಮೊಗ್ಗದಿಂದಲೇ ಮುಗಿದವು. ಒಂದು ಕಡೆ ಮಾತ್ರ ಎಲ್ಲ ಮಾಡಿದ ಮೇಲೂ ಹೊರಗಿನಿಂದ ಪೋರ್ಟ್ 23 ತೆರೆದೇ ಕಾಣುತ್ತಿತ್ತು. ಅಲ್ಲಿ ಲೈನ್ ಸಾಲದೆ ಬಂದಾಗ ಹಳೆ ಕಂಪನಿಯವರು 5ರಿಂದ 15ರವರೆಗೆ ಇನ್ನಷ್ಟು ವಿಟಿವೈ ಸೇರಿಸಿ ಹೋಗಿದ್ದರು. ನಮ್ಮ ಹುಡುಗರು ಕ್ರಮದ ಹಾಳೆ ನೋಡಿಕೊಂಡು 0ಯಿಂದ 4ನ್ನು ಮಾತ್ರ ಬಿಗಿ ಮಾಡಿದ್ದರು. ಟೆಲ್‌ನೆಟ್ ಬೇಡ ಎಂದ ಲೈನ್ ಬಿಟ್ಟು, ಬೇಕು ಎಂದ ಲೈನಿಗೆ ರೂಟರ್ ಬಾಟನ್ನು ಕೂರಿಸುತ್ತಿತ್ತು. ಆಮೇಲೆ ಹಾಳೆಗೆ ಎರಡು ಸಾಲು ಸೇರಿತು: ‘ಲೈನ್ ವಿಟಿವೈ’ ಎಂದು ಕಾನ್ಫಿಗ್‌ನಲ್ಲಿ ಇರುವುದನ್ನೆಲ್ಲ ನೋಡು, ಕೆಲಸ ಮುಗಿದ ಮೇಲೆ ಮೊಬೈಲ್ ಇಂಟರ್ನೆಟ್‌ನಿಂದ 22, 23 ಎರಡನ್ನೂ ತಟ್ಟಿ ನೋಡು.

ವೆಬ್ ಪುಟದಿಂದ ರೂಟರ್ ನಡೆಸುವ ಎಚ್‌ಟಿಟಿಪಿ ಸರ್ವರನ್ನು ಎಲ್ಲ ಕಡೆ ಮುಚ್ಚಿದೆವು. ಯಾರೂ ಅದನ್ನು ಬಳಸುತ್ತಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಸಿಸ್ಕೊದ ಹೊಸ ಐಒಎಸ್ ಎಕ್ಸ್‌ಇ ಸಾಧನಗಳ ವೆಬ್ ಪುಟದಲ್ಲಿದ್ದ ಲೋಪದಿಂದ ಹೊರಗಿನವರು ಲಾಗಿನ್ ಇಲ್ಲದೆಯೇ 15ನೇ ಹಂತದ, ಅಂದರೆ ಪೂರ್ತಿ ಅಧಿಕಾರದ ಯೂಸರ್‌ಗಳನ್ನು ಹುಟ್ಟುಹಾಕಿದ್ದರು. 1941ರಲ್ಲಿರುವುದು ಹಳೆಯ ಐಒಎಸ್, ಆ ಲೋಪ ಇದಕ್ಕಿಲ್ಲ. ಆದರೆ ಮುಂದೆ ಬರುವ ರೂಟರಿನಲ್ಲಿ ಎಕ್ಸ್‌ಇ ಇರುತ್ತದೆ, ಈಗಲೇ ಅಭ್ಯಾಸವಾಗಲಿ.

ಐಟಿ ವಿಭಾಗದ ಒಬ್ಬರು ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದರು. ಮೊದಲಾಗಿದ್ದರೆ ಎಲ್ಲ ಶಾಖೆಯ ಪಾಸ್‌ವರ್ಡ್ ಬದಲಾಯಿಸಿ ಎಲ್ಲರಿಗೂ ಹೇಳಬೇಕಿತ್ತು. ಹೇಳುತ್ತಿರಲಿಲ್ಲ, ಹಾಗೇ ಬಿಡುತ್ತಿದ್ದರು. ಈ ಸಲ ಪ್ರತಿ ರೂಟರಿನಲ್ಲೂ ಅವರ ಹೆಸರೊಂದನ್ನು ತೆಗೆದರು, ಅವರಿಗೂ ಗೊತ್ತಿದ್ದ ‘ಎನೇಬಲ್ ಸೀಕ್ರೆಟ್’ (ರೂಟರಿನ ಪೂರ್ತಿ ಅಧಿಕಾರ ಕೊಡುವ ಪಾಸ್‌ವರ್ಡ್) ಬದಲಾಯಿಸಿದರು. ಶಾಖೆಗಳು ಇನ್ನೂ ಹೆಚ್ಚಾದರೆ ಹೀಗೆ ಒಂದೊಂದರಲ್ಲೂ ತೆಗೆಯುವುದು ಬೇಜಾರಿನ ಕೆಲಸ. ಆಗ ಯೂಸರ್‌ಗಳನ್ನೆಲ್ಲ ಒಂದೇ ಕಡೆ ಇಡುವ ಟ್ಯಾಕ್ಯಾಕ್ಸ್ ಪ್ಲಸ್ ಅಥವಾ ರೇಡಿಯಸ್ ಸರ್ವರ್ ಬೇಕು. ಈಗಿನ ಮಟ್ಟಿಗೆ ಸಂಘಕ್ಕೆ ಅದು ಅತಿಯಾಯಿತು ಅನಿಸಿ ನಾವು ಒತ್ತಾಯಿಸಲಿಲ್ಲ.

1941 ಸರಣಿಗೆ ಸಿಸ್ಕೊ ಬೆಂಬಲ ಆಗಲೇ ನಿಂತಿದೆ. ಹೊಸ ಲೋಪ ಸಿಕ್ಕರೆ ಪ್ಯಾಚ್ ಬರುವುದಿಲ್ಲ. ಹಾಗಾಗಿ ಬದಲಾಯಿಸಿ ಎಂದು ನಮ್ಮ ವರದಿಯಲ್ಲೂ ಬರೆದೆವು, ಬೇರೆ ಕಾರಣಕ್ಕೆ. ಆಡಳಿತ ಮಂಡಳಿ ಅದನ್ನು ಮುಂದಿನ ಬಜೆಟ್‌ಗೆ ಹಾಕಿದೆ. ಹೊಸ ರೂಟರಿಗೆ ಹಳೆ ಕಾನ್ಫಿಗ್ ನಕಲು ಮಾಡಿದರೂ ಎಸ್‌ಎಸ್‌ಎಚ್ ಕೀ ಜೊತೆಗೆ ಬರುವುದಿಲ್ಲ. ಅದು ಕಾನ್ಫಿಗ್ ಸಾಲುಗಳಲ್ಲಿ ಇರುವುದೇ ಇಲ್ಲ, ಬೇರೆ ಜಾಗದಲ್ಲಿ ಕೂತಿರುತ್ತದೆ. ಅಲ್ಲಿ ಹೊಸದಾಗಿ ಕೀ ಮಾಡಬೇಕು. ಮಾಡಿದರೆ ಎಲ್ಲರ ಲ್ಯಾಪ್‌ಟಾಪಿನಲ್ಲೂ ‘ಹೋಸ್ಟ್ ಗುರುತು ಬದಲಾಗಿದೆ’ ಎಂಬ ದೊಡ್ಡ ಎಚ್ಚರಿಕೆ ಬರುತ್ತದೆ. ಅದಕ್ಕೇ ಹೊಸವು ಶಾಖೆಗೆ ಹೊರಡುವ ಮೊದಲು ಶಿವಮೊಗ್ಗದ ಮೇಜಿನ ಮೇಲೇ ಕೀ ಮಾಡಿ, ಫಿಂಗರ್‌ಪ್ರಿಂಟ್ ಹಾಳೆಯಲ್ಲಿ ತಿದ್ದಿ, ಆಮೇಲೆ ಪ್ಯಾಕ್ ಮಾಡಬೇಕು ಎಂದು ಐಟಿ ವಿಭಾಗದವರು ತೀರ್ಮಾನಿಸಿದ್ದಾರೆ.